ತಿಂಗಳ ಸಂಬಳ ಬಂತು ಅಂತ ಹೊಲದ ಲೆಕ್ಕ ಮರೀಬೇಡಿ

ಈ ವಾರ ಗೊಬ್ಬರ, ಕೀಟ, ತಳಿಯ ಮಾತಿಲ್ಲ. ದುಡ್ಡಿನ ಮಾತು. ಅದೂ ಹೊಲದಿಂದ ಬರೋ ದುಡ್ಡಲ್ಲ, ಹೊಲ ಇರೋ ಮನೆಗೆ ಹೊರಗಿನಿಂದ ಬರೋ ದುಡ್ಡು.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕೂತು ಲೆಕ್ಕಪತ್ರ, ತೆರಿಗೆ ರಿಟರ್ನ್ ಬರೆಯೋದು ನನ್ನ ಕೆಲಸ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಂದ ಬರೋ ಕುಟುಂಬಗಳೇ ನನ್ನಲ್ಲಿ ಹೆಚ್ಚು. ಮೊದಲೆಲ್ಲ ಅವರು ತರ್ತಿದ್ದ ಕಾಗದ ಎರಡೇ: ಪಹಣಿ ಮತ್ತು ದಲ್ಲಾಳಿ ಅಂಗಡಿಯ ಚೀಟಿ. ಈಗ ಅದರ ಜೊತೆ ಮಗನ ಸಂಬಳದ ಸ್ಲಿಪ್ ಇರುತ್ತೆ. ಸೊಸೆ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡಿ ಕಳಿಸಿದ ಬಿಲ್ ಇರುತ್ತೆ. ಇನ್ನು ಕೆಲವರ ಚೀಲದಲ್ಲಿ ಜೀನ್ಸ್ ಹೊಲಿದ ಪೀಸಿನ ಲೆಕ್ಕದ ಸಣ್ಣ ನೋಟ್‌ಬುಕ್ಕೂ ಇರುತ್ತೆ. ಒಂದೇ ಮನೆ, ನಾಲ್ಕು ಥರದ ದುಡಿಮೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ಹೊರಗಿನ ದುಡ್ಡು ನಮ್ಮ ಕಡೆಯ ಎಷ್ಟೋ ಮನೆಗಳನ್ನು ಉಳಿಸಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ದುಡ್ಡು ಹೊಲದ ನಷ್ಟವನ್ನು ಮುಚ್ಚಿಯೂ ಇಟ್ಟಿದೆ. ನಷ್ಟ ಕಣ್ಣಿಗೆ ಬೀಳದಿದ್ದರೆ ಅದನ್ನು ತಡೆಯೋ ಯೋಚನೆಯೂ ಬರೋದಿಲ್ಲ. ಸಂಬಳ ನಿಂತ ದಿನ ಎರಡೂ ಒಟ್ಟಿಗೆ ಮೈಮೇಲೆ ಬೀಳ್ತವೆ.

ದುಡ್ಡಿಗೂ ಸರದಿ ಇರುತ್ತೆ

ನಮಗೆ ಕಾಲುವೆ ನೀರಿನ ಲೆಕ್ಕ ಯಾರೂ ಕಲಿಸಬೇಕಿಲ್ಲ. ಯಾವ ತೂಬಿಗೆ ಯಾವಾಗ ನೀರು, ತುದಿ ಭಾಗಕ್ಕೆ ಎಷ್ಟು ದಿನ ತಡ, ಎಲ್ಲ ಗೊತ್ತು. ದುಡ್ಡಿನ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಒಂದೇ ಹೊಂಡಕ್ಕೆ ಬಿಟ್ಟು, ಬೇಕಾದಾಗ ಬೇಕಾದಷ್ಟು ತೋಡಿಕೊಳ್ತೀವಿ.

ಸಂಬಳ ತಿಂಗಳಿಗೊಮ್ಮೆ, ಗೊತ್ತಾದ ದಿನಕ್ಕೆ, ಗೊತ್ತಾದಷ್ಟು ಬರುತ್ತೆ. ಪೀಸ್ ಲೆಕ್ಕದ ದುಡ್ಡು ಹಾಗಲ್ಲ. ಆರ್ಡರ್ ಇದ್ದರೆ ರಾತ್ರಿ ಹನ್ನೊಂದರವರೆಗೂ ಹೊಲಿಗೆ ಯಂತ್ರ ನಿಲ್ಲೋದಿಲ್ಲ, ಆರ್ಡರ್ ಇಲ್ಲದ ತಿಂಗಳು ಕೈ ಖಾಲಿ. ಸ್ವಂತ ಬಿಲ್ ಹಾಕಿ ಕೆಲಸ ಮಾಡೋರಿಗೆ ಕೆಲಸ ಮುಗಿದ ಮೇಲೆ ನಲವತ್ತೈದು ದಿನ, ಅರವತ್ತು ದಿನ ಕಾಯೋದು ರೂಢಿ. ನೆಲ್ಲು, ಮೆಣಸಿನಕಾಯಿ, ಹತ್ತಿಯ ದುಡ್ಡು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಅದೂ ಎಷ್ಟು ಬರುತ್ತೆ ಅಂತ ಮೊದಲೇ ಹೇಳೋರು ಯಾರೂ ಇಲ್ಲ.

ಹೊಲದ ದುಡ್ಡು ಎಷ್ಟು ಅಳಕು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದು ರೈತರು ರೊಚ್ಚಿಗೆದ್ದದ್ದು ನೆನಪಿರಬಹುದು. ನಮ್ಮ ಕಡೆಯ ಕಾಯಿಯೂ ಅಲ್ಲಿಗೇ ಹೋಗೋದು. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯ್ತು. ವಾರದೊಳಗೆ ತಾತ್ಕಾಲಿಕ ಗೇಟ್ ಕೂರಿಸಿದರು, ಸರಿ. ಆದರೆ ಆ ವಾರ ನಮ್ಮ ಮನೆಗಳಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಅನ್ನೋದಂತೂ ನೀರಾವರಿ ಸಲಹಾ ಸಮಿತಿ ಸಭೆ ಮುಗಿಯೋವರೆಗೂ ಗೊತ್ತಾಗೋದಿಲ್ಲ.

ಇಂಥ ಅಳಕು ದುಡ್ಡನ್ನೂ ತಿಂಗಳ ದುಡ್ಡನ್ನೂ ಒಂದೇ ಖಾತೆಯಲ್ಲಿ ಕಲಸಿದರೆ ಏನಾಗುತ್ತೆ? ಸುಗ್ಗಿ ಬಂದಾಗ ಶ್ರೀಮಂತರ ಹಾಗೆ ಖರ್ಚು ಮಾಡ್ತೀವಿ, ಬಿತ್ತನೆ ಬಂದಾಗ ಸಂಬಳಕ್ಕೆ ಕೈ ಹಾಕ್ತೀವಿ. ವರ್ಷದ ಕೊನೆಗೆ ಯಾವುದು ದುಡೀತು, ಯಾವುದು ತಿಂತು ಅಂತ ಗೊತ್ತೇ ಆಗೋದಿಲ್ಲ.

ಇಬ್ಬರ ಕೈಗೂ 18 ಸಾವಿರ, ಆದರೆ ಎರಡೂ ಒಂದೇ ಅಲ್ಲ

ಮನೆಯಿಂದ ಕೆಲಸ ಅನ್ನೋದು 2020ರ ಲಾಕ್‌ಡೌನ್‌ನಲ್ಲಿ ನಮ್ಮ ಹಳ್ಳಿಗಳಿಗೂ ಬಂತು. ಕೆಲವರು ವಾಪಸ್ ಬೆಂಗಳೂರಿಗೆ ಹೋದರು, ಕೆಲವರು ಊರಲ್ಲೇ ಉಳಿದರು. ಹೀಗೆ ಉಳಿದವರಲ್ಲಿ ಎರಡು ಜಾತಿ ಇದೆ. ಒಬ್ಬರು ಕಂಪನಿಯ ನೌಕರರು. ಇನ್ನೊಬ್ಬರು ಅದೇ ಕೆಲಸ ಮಾಡಿದರೂ ಕಾಗದದಲ್ಲಿ ನೌಕರರಲ್ಲ, ಕನ್ಸಲ್ಟೆಂಟ್ ಅಥವಾ ಫ್ರೀಲಾನ್ಸರ್. ಅಂದರೆ ಸ್ವಂತ ಉದ್ಯೋಗಿ. ಈ ವ್ಯತ್ಯಾಸ ಮನೆಯ ಹಿರಿಯರಿಗೆ ಬಿಡಿ, ಎಷ್ಟೋ ಸಲ ದುಡಿಯೋ ಹುಡುಗರಿಗೇ ಗೊತ್ತಿರೋದಿಲ್ಲ.

ಒಂದು ಉದಾಹರಣೆ ಲೆಕ್ಕ ನೋಡಿ. ಅಕ್ಕಪಕ್ಕದ ಮನೆಯ ಇಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಅಂತ ಮಾತಾಗಿದೆ ಅಂದ್ಕೊಳ್ಳಿ.

ಮೊದಲನೆಯವನು ನೌಕರ, ಮೂಲ ವೇತನ 15,000. ಅದರ ಶೇ 12 ಅಂದರೆ 1,800 ರೂಪಾಯಿ ಪಿಎಫ್‌ಗೆ ಹೋಗುತ್ತೆ. ಇಎಸ್‌ಐಗೆ ಶೇ 0.75 ಲೆಕ್ಕದಲ್ಲಿ 150 ರೂಪಾಯಿ. ಕೈಗೆ ಬರೋದು 18,050. ಆದರೆ ಕಂಪನಿಯೂ ತನ್ನ ಕಡೆಯಿಂದ ಪಿಎಫ್ ಮತ್ತು ಪಿಂಚಣಿಗೆ 1,800, ಇಎಸ್‌ಐಗೆ ಶೇ 3.25ರಂತೆ 650 ಕಟ್ಟುತ್ತೆ. ಅವನ ಹೆಸರಿನಲ್ಲಿ ತಿಂಗಳಿಗೆ 3,600 ರೂಪಾಯಿ ಕೂಡುತ್ತೆ, ವರ್ಷಕ್ಕೆ 43,200. ಅವನನ್ನೇ ನಂಬಿರೋ ಅಪ್ಪ ಅಮ್ಮನೂ ಸೇರಿ ಮನೆಯವರಿಗೆ ಇಎಸ್‌ಐ ಚಿಕಿತ್ಸೆ ಸಿಗುತ್ತೆ.

ಎರಡನೆಯವಳು ಕನ್ಸಲ್ಟೆಂಟ್. 20,000ಕ್ಕೆ ಬಿಲ್ ಹಾಕ್ತಾಳೆ. ವೃತ್ತಿಪರ ಶುಲ್ಕ ಅಂತ ಶೇ 10 ಟಿಡಿಎಸ್ ಹಿಡೀತಾರೆ. ಕೈಗೆ 18,000. ಬ್ಯಾಂಕಿನ ಮೆಸೇಜ್ ನೋಡಿದರೆ ಇಬ್ಬರದೂ ಸಮ. ಆದರೆ ಇವಳಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ರಜೆ ಇಲ್ಲ, ಹೆರಿಗೆ ರಜೆ ಇಲ್ಲ. ಕರೆಂಟು, ಇಂಟರ್‌ನೆಟ್, ಲ್ಯಾಪ್‌ಟಾಪ್ ರಿಪೇರಿ ಎಲ್ಲ ಅವಳ ಕೈಯಿಂದಲೇ.

ಅವಳಿಂದ ಹಿಡಿದ ಟಿಡಿಎಸ್ ವರ್ಷಕ್ಕೆ 24,000 ರೂಪಾಯಿ. ಅದು ಹೋಗಿಬಿಟ್ಟ ದುಡ್ಡಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ವರ್ಷಕ್ಕೆ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆಯೇ ಬರೋದಿಲ್ಲ. ಗಡುವಿನೊಳಗೆ ರಿಟರ್ನ್ ಹಾಕಿದರೆ ಪೂರ್ತಿ ವಾಪಸ್ ಬರುತ್ತೆ. ಆದರೆ "ನಮಗ್ಯಾಕೆ ಇನ್‌ಕಂ ಟ್ಯಾಕ್ಸು, ನಾವು ರೈತ್ರು" ಅಂತ ಎಷ್ಟೋ ಜನ ರಿಟರ್ನ್ ಹಾಕೋದೇ ಇಲ್ಲ. ಎಕರೆಗೆ ಒಂದು ಚೀಲ ಯೂರಿಯಾ ಹೆಚ್ಚು ಸಿಗಲಿ ಅಂತ ಸರದಿಯಲ್ಲಿ ಅರ್ಧ ದಿನ ನಿಲ್ಲೋ ನಾವು, 24,000 ರೂಪಾಯಿ ಸರ್ಕಾರದ ಹತ್ರ ಬಿಟ್ಟು ಸುಮ್ಮನಿರ್ತೀವಿ. ರಿಟರ್ನ್ ಹಾಕುವಾಗ ಹೊಲದ ಆದಾಯ ಅವಳ ಹೆಸರಲ್ಲಿದ್ದರೆ ಅದನ್ನೂ ತೋರಿಸಬೇಕು. ಅದಕ್ಕೆ ತೆರಿಗೆ ಇಲ್ಲ ನಿಜ, ಹಾಗಂತ ಬಚ್ಚಿಡೋದಲ್ಲ.

ಹಾಗಾಗಿ ಮನೆಯ ಮಕ್ಕಳಿಗೆ ಕೆಲಸ ಸಿಕ್ಕಿತು ಅಂದಾಗ "ಎಷ್ಟು ಸಂಬಳ?" ಅಂತ ಕೇಳಿ ಬಿಡಬೇಡಿ. "ನೌಕರಿನಾ, ಕಾಂಟ್ರಾಕ್ಟಾ? ಪಿಎಫ್ ಐತೇನು?" ಅಂತ ಕೇಳಿ. ಕಾಂಟ್ರಾಕ್ಟ್ ಆದರೆ ನೌಕರನಿಗಿಂತ ಕಾಲು ಭಾಗವಾದರೂ ಹೆಚ್ಚು ಕೇಳಬೇಕು ಅನ್ನೋದು ನನ್ನ ಮಾತು. ಆ ಹೆಚ್ಚಿನ ಕಾಲು ಭಾಗ ಖರ್ಚಿಗಲ್ಲ, ಕಂಪನಿ ಕಟ್ಟದೇ ಬಿಟ್ಟದ್ದನ್ನು ತಾವೇ ಕಟ್ಟಿಕೊಳ್ಳೋದಕ್ಕೆ.

ಊರಲ್ಲಿದ್ದರೆ ಉಳಿತಾಯ, ಎಷ್ಟು ದಿನ?

ಊರಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡಿದರೆ ಬಾಡಿಗೆ ಇಲ್ಲ, ಹೋಟೆಲ್ ಊಟ ಇಲ್ಲ, ಬಸ್ ಖರ್ಚಿಲ್ಲ. ಒಳ್ಳೆಯದೇ. ಆದರೆ ಈ ಉಳಿತಾಯ ಕಂಪನಿಯ ಒಂದು ಈಮೇಲ್ ಮೇಲೆ ನಿಂತಿದೆ. "ಮುಂದಿನ ತಿಂಗಳಿಂದ ಆಫೀಸಿಗೆ ಬನ್ನಿ" ಅಂದರೆ ಹಂಪಿ ಎಕ್ಸ್‌ಪ್ರೆಸ್ ಹತ್ತಲೇಬೇಕು. ಮನೆ ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಸಾಮಾನು ಎಲ್ಲ ಸೇರಿ ಒಂದೇ ಸಲ ದೊಡ್ಡ ಮೊತ್ತ ಬೇಕು. ಬಾಡಿಗೆ ಉಳೀತು ಅಂತ ಆ ದುಡ್ಡನ್ನು ಟ್ರಾಕ್ಟರ್ ಕಂತಿಗೆ ತೊಡಗಿಸಿದ ಮನೆಗೆ ಆಗ ದಾರಿ ಕಾಣೋದಿಲ್ಲ. ಬಾಡಿಗೆ ಉಳೀತಲ್ಲ, ಅದರಲ್ಲಿ ಅರ್ಧವನ್ನಾದರೂ "ವಾಪಸ್ ಹೋಗೋ ದುಡ್ಡು" ಅಂತ ಬೇರೆ ಎತ್ತಿಡಿ. ಹೋಗೋ ಪ್ರಸಂಗ ಬರದಿದ್ದರೆ ಅದೇ ಆಪತ್ತಿನ ಹಣ ಆಗುತ್ತೆ.

ಇನ್ನೊಂದು ಮಾತು ಹಿರಿಯರಿಗೆ. ಮನೆಯಲ್ಲಿ ಕೂತವನು ಖಾಲಿ ಕೂತಿದ್ದಾನೆ ಅಂತಲ್ಲ. "ಲ್ಯಾಪ್‌ಟಾಪ್ ಮುಚ್ಚಿ ಒಂದು ಗಂಟೆ ಮೋಟಾರ್ ನೋಡ್ಕೊಂಡು ಬಾರಪ್ಪ" ಅನ್ನೋದು ನಮಗೆ ಸಣ್ಣ ಮಾತು. ಅಲ್ಲಿ ಅವನು ಮೀಟಿಂಗಿಗೆ ಸಿಗಲಿಲ್ಲ ಅಂದರೆ ಅದು ದೊಡ್ಡ ಮಾತು. ಸೊಸೆಯಂದಿರಿಗಂತೂ ಇದು ಇಬ್ಬಂದಿ: ಅಡುಗೆ, ದನ, ಮಗು, ಕೂಲಿಯವರ ಬುತ್ತಿ ಎಲ್ಲ ಮುಗಿಸಿ ಉಳಿದ ಹೊತ್ತಲ್ಲಿ ಕಂಪನಿ ಕೆಲಸ. ಅವಳ ದುಡ್ಡು ಮನೆಗೆ ಬೇಕು ಅನ್ನೋದಾದರೆ ಅವಳ ಹೊತ್ತಿಗೂ ಬೆಲೆ ಕಟ್ಟಬೇಕು. ಅವಳ ದುಡ್ಡು ಅವಳ ಖಾತೆಗೇ ಬರಲಿ, ಅದರಿಂದ ಮನೆಗೆ ಎಷ್ಟು ಅನ್ನೋದು ಮಾತಾಡಿ ಆಗಲಿ.

ಜೀನ್ಸ್ ಹೊಲಿಯೋ ನಮ್ಮ ಅಕ್ಕತಂಗಿಯರ, ಅಣ್ಣತಮ್ಮಂದಿರ ವಿಷಯವೂ ಇದೇ. ಬಳ್ಳಾರಿ ಜೀನ್ಸ್ ದೇಶದ ಮಾರುಕಟ್ಟೆಗೆಲ್ಲ ಹೋಗುತ್ತೆ. ಆದರೆ ಪೀಸ್ ಲೆಕ್ಕಕ್ಕೆ ಮನೆಯಲ್ಲಿ ಹೊಲಿಯೋರ ಹೆಸರು ಎಷ್ಟೋ ಕಡೆ ಯಾವ ರಿಜಿಸ್ಟರಿನಲ್ಲೂ ಇರೋದಿಲ್ಲ. ಅಂಥವರು ಕನಿಷ್ಠ ಮೂರು ಕೆಲಸ ಮಾಡಿಕೊಳ್ಳಲಿ: ಇ-ಶ್ರಮ್ ನೋಂದಣಿ, ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ. ಎರಡರಲ್ಲೂ ಎರಡೆರಡು ಲಕ್ಷದ ವಿಮೆ ಇದೆ. 40 ವರ್ಷದೊಳಗಿದ್ದು ಆದಾಯ ತೆರಿಗೆ ಕಟ್ಟದವರಿಗೆ ಅಟಲ್ ಪಿಂಚಣಿಯೂ ಇದೆ. ದೊಡ್ಡ ಮೊತ್ತವಲ್ಲ, ಆದರೆ ಏನೂ ಇಲ್ಲದೇ ಇರೋದಕ್ಕಿಂತ ಮೇಲು.

ನಾವೇ ಹಳೇ ಸ್ವಯಂ ಉದ್ಯೋಗಿಗಳು

ಸ್ವಯಂ ಉದ್ಯೋಗ ಅಂದರೆ ಏನೋ ಹೊಸದು ಅನ್ನೋ ಹಾಗೆ ಮಾತಾಡ್ತಾರೆ. ರೈತನಿಗಿಂತ ಹಳೇ ಸ್ವಯಂ ಉದ್ಯೋಗಿ ಯಾರು? ಬಂಡವಾಳ ನಮ್ಮದು, ಅಪಾಯ ನಮ್ಮದು, ದುಡಿಮೆ ನಮ್ಮದು. ದರ ಮಾತ್ರ ಬೇರೆಯವರದು. ಮತ್ತೆ ನಾವು ಒಂದನ್ನು ಬರೆಯೋದೇ ಇಲ್ಲ: ನಮ್ಮ ಕೂಲಿ.

ಸರ್ಕಾರ ಬೆಂಬಲ ಬೆಲೆ ಲೆಕ್ಕ ಹಾಕುವಾಗ ಕೈಯಿಂದ ಮಾಡಿದ ಖರ್ಚಿನ ಜೊತೆ ಮನೆಯವರ ದುಡಿಮೆಗೂ ಬೆಲೆ ಕಟ್ಟುತ್ತೆ. ಅದಕ್ಕೆ 'ಎ2 ಪ್ಲಸ್ ಎಫ್‌ಎಲ್' ಅಂತ ಹೆಸರು. 2025-26ಕ್ಕೆ ಸಾಮಾನ್ಯ ನೆಲ್ಲಿಗೆ ಕ್ವಿಂಟಲ್‌ಗೆ 2,369 ರೂಪಾಯಿ ಅಂತ ಗೊತ್ತು ಮಾಡಿದ್ದೂ ಈ ಲೆಕ್ಕದ ಮೇಲೆಯೇ. ಆ ಲೆಕ್ಕ ಸಾಲದು, ಭೂಮಿಯ ಬಾಡಿಗೆ, ಬಂಡವಾಳದ ಬಡ್ಡಿ ಸೇರಿಸಬೇಕು ಅನ್ನೋ ಜಗಳ ಬೇರೆ, ಅದು ನ್ಯಾಯವಾದ ಜಗಳ. ಆದರೆ ಮನೆಯವರ ದುಡಿಮೆಗೆ ಬೆಲೆ ಇದೆ ಅಂತ ದಿಲ್ಲಿಯ ಕಾಗದವೇ ಒಪ್ಪಿದೆ. ಒಪ್ಪದೇ ಇರೋದು ನಮ್ಮ ಮನೆಯ ನೋಟ್‌ಬುಕ್.

ಇದನ್ನೂ ಉದಾಹರಣೆಗೆ ಅಂತ ಹಿಡೀರಿ. ಒಂದು ಬೆಳೆ ಮುಗಿದ ಮೇಲೆ ಕೈಯಲ್ಲಿ 50,000 ಉಳೀತು. ಲಾಭ ಅಂತ ಖುಷಿ. ಗಂಡ ಹೆಂಡತಿ ಸೇರಿ ಆ ಬೆಳೆಗೆ 120 ಆಳು ದುಡಿದಿದ್ದಾರೆ. ಆಳಿಗೆ 500ರಂತೆ 60,000. ಮಗ ನಡುವೆ ಗೊಬ್ಬರಕ್ಕೆ, ಔಷಧಕ್ಕೆ ಅಂತ ಫೋನ್‌ಪೇ ಮಾಡಿದ್ದು 40,000, ಅದನ್ನು ಯಾರೂ ಬರೆದಿಲ್ಲ. ಈಗ ಕೂಡಿಸಿ ಕಳೀರಿ. 50,000 ಲಾಭ ಅಲ್ಲ, 50,000 ನಷ್ಟ. ಆ ನಷ್ಟ ತುಂಬಿದ್ದು ಮಗನ ಸಂಬಳ ಮತ್ತು ಅಪ್ಪ ಅಮ್ಮನ ಬೆವರು.

ಇದನ್ನು ತಿಳ್ಕೊಂಡು ಬೇಸಾಯ ಬಿಡಿ ಅಂತ ನಾನು ಹೇಳ್ತಾ ಇಲ್ಲ. ತಿಳ್ಕೊಂಡರೆ ಯಾವ ಬೆಳೆ ಬಿಡಬೇಕು, ಎಷ್ಟು ಎಕರೆಗೆ ಇಳಿಸಬೇಕು, ಎಲ್ಲಿ ಆಳು ಉಳಿಸಬೇಕು ಅನ್ನೋ ಯೋಚನೆ ಬರುತ್ತೆ. ಲೆಕ್ಕ ಇಲ್ಲದಿದ್ದರೆ ಮುಂದಿನ ವರ್ಷವೂ ಅದೇ ಬೆಳೆ, ಅದೇ ಫೋನ್‌ಪೇ.

ಸಂಬಳದ ಮೇಲೆ ಸಾಲ ಎತ್ತಿ ಹೊಲಕ್ಕೆ ಹಾಕೋದು

ನನಗೆ ಹೆಚ್ಚು ಹೆದರಿಕೆ ಆಗೋದು ಇಲ್ಲಿ. ಸಂಬಳ ಬರ್ತಿದೆ ಅಂದ ಕೂಡಲೇ ಬ್ಯಾಂಕಿನವರು, ಆ್ಯಪ್‌ನವರು ಪರ್ಸನಲ್ ಲೋನ್ ಕೊಡ್ತೀವಿ ಅಂತ ಬೆನ್ನು ಹತ್ತುತ್ತಾರೆ. ಐದು ನಿಮಿಷಕ್ಕೆ ದುಡ್ಡು ಬರುತ್ತೆ. ಆ ದುಡ್ಡಲ್ಲಿ ಸಿರುಗುಪ್ಪ ಕಡೆ ಇನ್ನೂ ಐದು ಎಕರೆ ಗುತ್ತಿಗೆ ಹಿಡಿಯೋಣ ಅನ್ನೋ ಆಸೆ.

ಮೂರು ಲಕ್ಷ ಶೇ 14ಕ್ಕೆ ಮೂರು ವರ್ಷದ ಸಾಲ ಅಂದರೆ ಕಂತು ಸುಮಾರು 10,250, ಒಟ್ಟು ಬಡ್ಡಿ ಸುಮಾರು 69,000. ಕೈಗಡ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಅಂದರೆ ಅದೇ ಮೂರು ಲಕ್ಷಕ್ಕೆ ಒಂದೇ ವರ್ಷಕ್ಕೆ 72,000. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಮೂರು ಲಕ್ಷದವರೆಗೆ ಶೇ 7, ಹೇಳಿದ ದಿನಕ್ಕೆ ಕಟ್ಟಿದರೆ ಶೇ 4, ಅಂದರೆ ವರ್ಷಕ್ಕೆ 12,000. ಸಹಕಾರ ಸಂಘದಲ್ಲಿ ಅಲ್ಪಾವಧಿ ಬೆಳೆ ಸಾಲ ಐದು ಲಕ್ಷದವರೆಗೆ, ಸಕಾಲಕ್ಕೆ ಕಟ್ಟಿದರೆ ಬಡ್ಡಿಯೇ ಇಲ್ಲ.

ಬಡ್ಡಿಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಬೆಳೆ ಸಾಲ ಬೆಳೆ ಬಂದ ಮೇಲೆ ಕೇಳುತ್ತೆ. ಪರ್ಸನಲ್ ಲೋನ್ ಮುಂದಿನ ತಿಂಗಳೇ ಕೇಳುತ್ತೆ. ಅದಕ್ಕೆ ಕಾಲುವೆಗೆ ನೀರು ಬಂತೋ ಇಲ್ಲವೋ ಗೊತ್ತಿಲ್ಲ. ಗುತ್ತಿಗೆ ಹೊಲಕ್ಕೆ ಇನ್ನೂ ಒಂದು ತೊಡಕು. ನಮ್ಮಲ್ಲಿ ಗುತ್ತಿಗೆ, ಕೋರು ಎಲ್ಲ ಬಾಯಿ ಮಾತಿನ ಮೇಲೆ. ಪಹಣಿ ಬೇರೆಯವರ ಹೆಸರಲ್ಲಿ, ಫ್ರೂಟ್ಸ್ ಐಡಿ ಬೇರೆಯವರದು. ಬೆಳೆ ಹಾಳಾದರೆ ಪರಿಹಾರ ಹೊಲದ ಯಜಮಾನನ ಖಾತೆಗೆ ಹೋಗುತ್ತೆ, ಕಂತು ಮಾತ್ರ ನಿಮ್ಮ ಮಗನ ಸಂಬಳದಿಂದ ಕಡಿತವಾಗುತ್ತೆ.

ತಿಂಗಳ ದುಡ್ಡನ್ನು ಶಾಶ್ವತ ಅಂತ ನಂಬಿ ಸಾಲ ಎತ್ತಿದ ಕಥೆ ಬಳ್ಳಾರಿಗೆ ಹೊಸದಲ್ಲ. ಗಣಿ ಜೋರಾಗಿದ್ದಾಗ ಕಂತಿನ ಮೇಲೆ ಲಾರಿ ತಗೊಂಡವರು ಎಷ್ಟು ಜನ! 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಕಂತು ನಿಲ್ಲಲಿಲ್ಲ. ಕಂಪ್ಯೂಟರ್ ಕೆಲಸವೂ ಲಾರಿಯ ಥರಾನೇ. ಓಡುವಾಗ ಚೆನ್ನ.

ಒಬ್ಬರ ದುಡ್ಡು ಅಂತ ಬೇರೆ ಮಾಡೋದು ಸರಿನಾ?

ಇಷ್ಟು ಹೇಳಿದ ಕೂಡಲೇ ಹಿರಿಯರು ಒಂದು ಮಾತು ಕೇಳ್ತಾರೆ: "ಓದ್ಸಿದ್ದು ಹೊಲ ಮಾರಿ, ಬಂಗಾರ ಅಡ ಇಟ್ಟು. ಈಗ ಅವನ ಸಂಬ್ಳ ಬ್ಯಾರೆ, ನಮ್ ಹೊಲ ಬ್ಯಾರೆ ಅಂದ್ರ ಹೆಂಗಪ್ಪಾ?" ನ್ಯಾಯವಾದ ಮಾತು. ಮಗ ಮನೆಗೆ ಕೊಡಬೇಕು, ಕೊಡಲಿ. ನಾನು ಹೇಳೋದು ಕೊಡಬೇಡಿ ಅಂತಲ್ಲ, ಬರೆದು ಕೊಡಿ ಅಂತ.

ಯಾಕೆಂದರೆ ಜಗಳ ಹುಟ್ಟೋದು ಕೊಟ್ಟದ್ದರಿಂದಲ್ಲ, ಬರೆಯದೇ ಇರೋದರಿಂದ. ಬೆಂಗಳೂರಿನ ಅಣ್ಣ "ಬೋರ್ ಹಾಕ್ಸಿದ್ದು ನಾನು" ಅಂತಾನೆ. ಊರಲ್ಲಿದ್ದ ತಮ್ಮ "ಹತ್ತು ವರ್ಷ ಮಣ್ಣಲ್ಲಿ ದುಡಿದದ್ದು ನಾನು" ಅಂತಾನೆ. ಇಬ್ಬರದೂ ನಿಜ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ, ಅವರೂ ಆ ಹೊತ್ತಿಗೆ ಕೂತಿರ್ತಾರೆ. ಒಂದು ನೋಟ್‌ಬುಕ್ ಇದ್ದಿದ್ದರೆ ಹಿರಿಯರ ಮುಂದೆ ಅರ್ಧ ದಿನದಲ್ಲಿ ಮುಗಿಯೋ ಮಾತು ಕೋರ್ಟಿಗೆ ಹೋಗಿ ಹತ್ತು ವರ್ಷ ಎಳೆಯುತ್ತೆ.

ನನ್ನ ಸಲಹೆ ಇಷ್ಟು:

1. ಮನೆಗೆ ಎರಡು ಖಾತೆ ಇರಲಿ. ಹೊಲದ ಖಾತೆಯಲ್ಲಿ ಹೊಲದ್ದೇ ಬರೋದು, ಹೊಲಕ್ಕೇ ಹೋಗೋದು. ಸಂಬಳದಿಂದ ಹೊಲಕ್ಕೆ ಕೊಟ್ಟರೆ ಅದು ಹೊಲ ಮಾಡಿದ ಸಾಲ ಅಂತಲೇ ಬರೀರಿ.

2. ಸಂಬಳದಿಂದ ಹೊಲಕ್ಕೆ ಹಾಕೋದಾದರೆ ಉಳಿಯೋ ಕೆಲಸಕ್ಕೆ ಹಾಕಿ: ಕೃಷಿ ಹೊಂಡ, ಹನಿ ನೀರಾವರಿ, ಹೊಲ ಮಟ್ಟ ಮಾಡೋದು, ನಾಲ್ಕು ಕುರಿ. ಬೀಜ, ಗೊಬ್ಬರ, ಔಷಧದ ಖರ್ಚನ್ನು ಬೆಳೆ ಸಾಲದಿಂದ, ಹಿಂದಿನ ಬೆಳೆಯ ದುಡ್ಡಿನಿಂದ ನೋಡಿಕೊಳ್ಳಿ. ಬೆಳೆ ತನ್ನ ಖರ್ಚನ್ನು ತಾನು ಹೊರಬೇಕು.

3. ನೌಕರಿ ಇರೋ ಮನೆಯಲ್ಲಿ ಮೂರು ತಿಂಗಳ, ಕಾಂಟ್ರಾಕ್ಟ್ ಅಥವಾ ಪೀಸ್ ಲೆಕ್ಕದ ಮನೆಯಲ್ಲಿ ಆರು ತಿಂಗಳ ಮನೆ ಖರ್ಚು ಮುಟ್ಟದ ಹಾಗೆ ಇರಲಿ. ಸುಗ್ಗಿ ದುಡ್ಡು ಬಂದ ವಾರವೇ ಅದನ್ನು ತುಂಬಿ, ಆಮೇಲೆ ಬ್ರೂಸ್‌ಪೇಟೆಯ ಬಟ್ಟೆ, ಬಂಗಾರದ ಅಂಗಡಿ ಹತ್ತಿ.

4. ಎಲ್ಲ ಕಂತು ಸೇರಿ ಕೈಗೆ ಬರೋ ಸಂಬಳದ ಮೂರನೇ ಒಂದು ಭಾಗ ದಾಟದಿರಲಿ. ಸುಗ್ಗಿ ದುಡ್ಡು ನಂಬಿ ತಿಂಗಳ ಕಂತು ಒಪ್ಕೋಬೇಡಿ.

5. ನಿಮ್ಮ ಆಳು ಬರೀರಿ. ಹೆಂಡತಿಯ ಆಳು ಮೊದಲು ಬರೀರಿ, ಅದನ್ನೇ ನಾವು ಹೆಚ್ಚಾಗಿ ಬಿಡೋದು.

ಒಂದು ಎರಡು ರೂಪಾಯಿಯ ಲೆಕ್ಕ ಬರೆಯೋಕೆ ನಮಗೆ ಬೇಜಾರು ಅನ್ನೋದು ಗೊತ್ತು. ಎಲ್ಲ ಬೇಡ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ, ಮೂರು ಕಾಲಂ ಗೆರೆ ಹಾಕಿ: ಹೊಲಕ್ಕೆ ಹೋದದ್ದು, ಯಾರ ದುಡ್ಡು, ಯಾರ ಆಳು. ಈ ಬಿತ್ತನೆಯಿಂದ ಕೊಯ್ಲಿನವರೆಗೆ ಬರೀರಿ. ಕೊಯ್ಲು ಮುಗಿದ ದಿನ ಮನೆಮಂದಿ ಎಲ್ಲ ಕೂತು ಕೂಡಿಸಿ. ಸೊಸೆಯನ್ನೂ ಕೂರಿಸಿಕೊಳ್ಳಿ, ಲೆಕ್ಕ ಬೇಗ ಮುಗಿಯುತ್ತೆ. ಬಂದ ಉತ್ತರ ಸಿಹಿಯೋ ಕಹಿಯೋ, ಮುಂದಿನ ಬೆಳೆ ಯಾವುದು, ಎಷ್ಟು ಎಕರೆ ಅನ್ನೋದನ್ನು ಅವತ್ತೇ ಮಾತಾಡಿ. ಆ ಮಾತು ಬೀಜ ತರೋಕೆ ಮೊದಲೇ ಆಗಲಿ.